ಹತ್ತು ಸಾವಿರ ಇನ್‌ಸ್ಟ್ರಕ್ಷನ್‌ಗೆ ಒಂದು ಟಿಕ್

ಮೇಜಿನ ಮೇಲೆ ಲ್ಯಾಪ್‌ಟಾಪ್ ಒಂದೇ ಇದೆ, ನೋಡಿ. ಬೋರ್ಡ್ ಇಲ್ಲ, ವೈರೂ ಇಲ್ಲ. ಆದರೂ ಈ ಟರ್ಮಿನಲ್‌ನಲ್ಲಿ ಓಡುತ್ತಿರುವುದು ಫ್ರೀಆರ್‌ಟಿಒಎಸ್. 2003ರಿಂದ ಇರುವ, ಸಣ್ಣ ಚಿಪ್‌ಗಳಿಗೆಂದು ಮಾಡಿದ ಪುಟ್ಟ ಆಪರೇಟಿಂಗ್ ಸಿಸ್ಟಂ. ಅದರ ತಿರುಳು ಮೂರೇ ಸಿ ಫೈಲ್‌ಗಳಲ್ಲಿದೆ.

ಅದರ ಕೆಳಗಿರುವುದು ನಾನೇ ಬರೆದ ರಿಸ್ಕ್-ಫೈವ್ ಸಿಮ್ಯುಲೇಟರ್, ಅಂದರೆ ರಿಸ್ಕ್-ಫೈವ್ ಎಂಬ ಬಗೆಯ ಪ್ರೊಸೆಸರ್‌ನಂತೆ ನಟಿಸುವ ಪ್ರೋಗ್ರಾಂ. ದೊಡ್ಡ ವಿದ್ಯೆಯೇನಲ್ಲ. ಮೆಮೊರಿಗೆ ಒಂದು ಅರೇ, ಪ್ರೊಸೆಸರ್ ಲೆಕ್ಕ ಮಾಡುವಾಗ ಬಳಸುವ 32 ರಿಜಿಸ್ಟರ್‌ಗಳಿಗೆ ಇನ್ನೊಂದು. ಇನ್‌ಸ್ಟ್ರಕ್ಷನ್ ಓದು, ಏನೆಂದು ನೋಡು, ಮಾಡು, ಮುಂದಕ್ಕೆ ಹೋಗು. ಇಂಥದ್ದೇ ಕೆಲಸ ಮಾಡುವ ಕ್ಯೂಎಮು ಎಂಬ ಪ್ರೋಗ್ರಾಂ ಇದಕ್ಕಿಂತ ತುಂಬಾ ಜೋರು. ಅದು ಕೋಡನ್ನು ಲ್ಯಾಪ್‌ಟಾಪಿನ ಇನ್‌ಸ್ಟ್ರಕ್ಷನ್‌ಗಳಿಗೇ ಬದಲಾಯಿಸಿಕೊಂಡು ಓಡಿಸುತ್ತದೆ. ನನಗೆ ಬೇಕಿದ್ದದ್ದು ಒಳಗೆ ಏನಾಗುತ್ತದೆ ಅಂತ ನೋಡುವುದು, ಅಷ್ಟೇ.

ಸಣ್ಣ ಪ್ರೋಗ್ರಾಂಗಳು ಮೊದಲ ದಿನವೇ ಓಡಿದವು. ಫ್ರೀಆರ್‌ಟಿಒಎಸ್ ಮಾತ್ರ ಒಂದು ಸಾಲು ಬರೆದು ಸುಮ್ಮನಾಯಿತು. ಅದರೊಳಗೆ ಸರದಿಯಂತೆ ಓಡುವ ಕೆಲಸಗಳಿಗೆ ಟಾಸ್ಕ್ ಅನ್ನುತ್ತಾರೆ. ಮಲಗಿದ ಟಾಸ್ಕನ್ನು ಎಬ್ಬಿಸುವವರೇ ಇಲ್ಲ! ಹೊತ್ತು ಎಣಿಸುವ ಟೈಮರ್ ಬರೆಯುವುದನ್ನೇ ಮರೆತಿದ್ದೆ.

ಸರಿ, ಆ ಟೈಮರ್ ಯಾರ ಗಡಿಯಾರ ನೋಡಬೇಕು? ಲ್ಯಾಪ್‌ಟಾಪಿನದ್ದು ಬೇಡ ಅಂದುಕೊಂಡೆ. ಓಡುತ್ತಿರುವ ಕೋಡನ್ನು ಟೈಮರ್ ನಡುವೆ ತಡೆಯುವುದಕ್ಕೆ ಇಂಟರಪ್ಟ್ ಅನ್ನುತ್ತಾರೆ. ಅದು ಪ್ರತಿ ಸಲ ಬೇರೆ ಜಾಗದಲ್ಲಿ ಬಂದರೆ ತಪ್ಪು ಹುಡುಕುವುದು ಕಷ್ಟ ಅಲ್ವಾ? ಅದಕ್ಕೇ ಒಂದು ಇನ್‌ಸ್ಟ್ರಕ್ಷನ್ ಮುಗಿದರೆ ಟೈಮರ್ ಒಂದು ಏರುವಂತೆ ಮಾಡಿದೆ. 10,000 ಆದರೆ ಒಂದು ಇಂಟರಪ್ಟ್, ಅದೇ ಒಂದು ಟಿಕ್. 1,000 ಟಿಕ್ ಆದರೆ ಒಂದು ಸೆಕೆಂಡ್. ಒಳಗಿನ ಆ ಸೆಕೆಂಡ್ ನಮ್ಮ ಗಡಿಯಾರದ ಅರ್ಧ ಸೆಕೆಂಡಿಗೇ ಮುಗಿಯುತ್ತದೆ! ಮಧ್ಯೆ ನಿಲ್ಲಿಸಿ ನಾನು ಕಾಫಿ ಕುಡಿದು ಬಂದರೆ ಒಳಗಿನ ಟಾಸ್ಕ್‌ಗಳಿಗೆ ಗೊತ್ತೇ ಆಗುವುದಿಲ್ಲ.

ಆಮೇಲೆ ಬಂತು ನೋಡಿ ತಲೆನೋವು. ಒಂದು ಲಕ್ಷದವರೆಗೆ ಎಣಿಸಬೇಕಾದ ಟಾಸ್ಕ್ 1,00,003 ಅನ್ನುತ್ತಿದೆ. ಎಷ್ಟು ಸಲ ಓಡಿಸಿದರೂ ಅದೇ 1,00,003. ನನಗೋ ಖುಷಿ! ಪ್ರತಿ ಸಲ ಅದೇ ಜಾಗದಲ್ಲಿ ತಪ್ಪುವುದಾದರೆ ಹೋಗಿ ಕಾದು ಕೂತರಾಯಿತು. ಕೂತೆ. ಒಂದು ಕೂಡಿಸುವ ಇನ್‌ಸ್ಟ್ರಕ್ಷನ್ ಮುಗಿಯಿತು, ಟಿಕ್ ಬಂತು, ವಾಪಸ್ ಬಂದ ಮೇಲೆ ಅದೇ ಇನ್‌ಸ್ಟ್ರಕ್ಷನ್ ಮತ್ತೆ ಓಡಿತು.

ಟಾಸ್ಕ್ ತಾನಾಗಿ ಜಾಗ ಬಿಡುವಾಗ ಇಕಾಲ್ ಅನ್ನುವ ಇನ್‌ಸ್ಟ್ರಕ್ಷನ್ ಬಳಸುತ್ತದೆ. ಆಗ ಎಂಇಪಿಸಿ ರಿಜಿಸ್ಟರ್‌ನಲ್ಲಿ, ಅಂದರೆ ವಾಪಸ್ ಎಲ್ಲಿಗೆ ಬರಬೇಕೆಂದು ಗುರುತಿಡುವ ಜಾಗದಲ್ಲಿ, ಇಕಾಲ್‌ನದೇ ವಿಳಾಸ ಇಡಬೇಕು. ಅದಕ್ಕೆ ಇಕಾಲ್‌ನ ಉದ್ದವಾದ 4 ಬೈಟ್ ಕೂಡಿಸಿಕೊಂಡು ಮುಂದೆ ಹೋಗುವುದು ಫ್ರೀಆರ್‌ಟಿಒಎಸ್ ಕೆಲಸ. ಇಂಟರಪ್ಟ್ ಬಂದಾಗ ಹಾಗಲ್ಲ, ಇನ್ನೂ ಓಡದ ಮುಂದಿನ ಇನ್‌ಸ್ಟ್ರಕ್ಷನ್‌ನ ವಿಳಾಸ ಇಡಬೇಕು. ನಾನು ಸೋಮಾರಿತನಕ್ಕೆ ಎರಡಕ್ಕೂ ಒಂದೇ ಫಂಕ್ಷನ್ ಬರೆದಿದ್ದೆ. ಹಾಗಾಗಿ ಇಂಟರಪ್ಟ್ ಬಂದಾಗಲೂ ಆಗಷ್ಟೇ ಮುಗಿದ ಇನ್‌ಸ್ಟ್ರಕ್ಷನ್‌ನ ವಿಳಾಸವೇ ಅಲ್ಲಿ ಕೂರುತ್ತಿತ್ತು.

ಒಂದು ಸಾಲು ತಿದ್ದಿದೆ. ನಿನ್ನೆ ರಾತ್ರಿ 30 ಲಕ್ಷ ಟಿಕ್ ಓಡಿಸಿದೆ, ಎಣಿಕೆ ತಪ್ಪಲಿಲ್ಲ. ಒಳಗಿನ ಲೆಕ್ಕದಲ್ಲಿ ಅದು 50 ನಿಮಿಷ. ನಮ್ಮ ಗೋಡೆ ಗಡಿಯಾರದಲ್ಲಿ 25.