ಮೊದಲು ಗುಂಪು, ಆಮೇಲೆ ಆ್ಯಪ್

ಕೇಳುಗರೆಲ್ಲರಿಗೂ ನಮಸ್ಕಾರ.

ಫೋನಿನಲ್ಲಿರುವ ವ್ಯಾಯಾಮದ ಆ್ಯಪ್ ಬಗ್ಗೆ ಮಾತಾಡಲು ರೇಡಿಯೋನೇ ಸರಿಯಾದ ಜಾಗ ಅಂತ ನನಗನ್ನಿಸುತ್ತದೆ. ಯಾಕೆ ಅಂದರೆ ಜಪಾನಿನಲ್ಲಿ ಜನರನ್ನು ಒಟ್ಟಿಗೆ ವ್ಯಾಯಾಮಕ್ಕೆ ಎಬ್ಬಿಸಿದ್ದು ರೇಡಿಯೋ. 1928ರಲ್ಲಿ ಅಲ್ಲಿ ಬಾನುಲಿ ವ್ಯಾಯಾಮ ಶುರುವಾಯಿತು. ಪಿಯಾನೋ ಸಂಗೀತ, ಅದರ ಜೊತೆಗೆ ಕೈ ಎತ್ತಿ, ಬಗ್ಗಿ ಅಂತ ಹೇಳುವ ಒಂದು ದನಿ. ಇವತ್ತಿಗೂ ಅದು ನಡೆಯುತ್ತಿದೆ. ಬೇಸಿಗೆ ರಜೆಯಲ್ಲಿ ಮಕ್ಕಳು ಕೊರಳಿಗೆ ಕಾರ್ಡು ಹಾಕಿಕೊಂಡು ಹತ್ತಿರದ ಮೈದಾನಕ್ಕೆ ಬರುತ್ತಾರೆ. ವ್ಯಾಯಾಮ ಮುಗಿದ ಮೇಲೆ ದೊಡ್ಡವರೊಬ್ಬರು ಆ ದಿನದ ಚೌಕದಲ್ಲಿ ಮುದ್ರೆ ಒತ್ತುತ್ತಾರೆ. ಈಗಿನ ಆ್ಯಪ್‌ಗಳು ತೋರಿಸುವ ‘ಸತತ ಇಷ್ಟು ದಿನ’ ಅನ್ನೋದು ಆ ಕಾರ್ಡಿನ ತಮ್ಮನೇ. ಆದರೆ ಅಲ್ಲಿ ಮುದ್ರೆ ಒತ್ತುವವರು ಮಗುವಿನ ಮುಖ ಬಲ್ಲವರು.

ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದಿದ ಹುಡುಗ ಹುಡುಗಿಯರು ಬೆಂಗಳೂರಿಗೆ ಹೋಗದೆ ಇಲ್ಲೇ ಏನಾದರೂ ಕಟ್ಟಬೇಕು ಅಂತ ಹೊರಟಾಗ ನನಗೆ ಬಹಳ ಖುಷಿಯಾಗುತ್ತದೆ. ಅವರಲ್ಲಿ ಯಾರಾದರೂ ವ್ಯಾಯಾಮದ ಆ್ಯಪ್ ಮಾಡುವ ಯೋಚನೆಯಲ್ಲಿದ್ದರೆ, ದಯವಿಟ್ಟು ಮೊದಲು ಗುಂಪು ಕಟ್ಟಿ. ಆ್ಯಪ್ ಆಮೇಲೆ ಬರಲಿ.

ಹೆಸರು ಮಾಡಿದವರನ್ನೇ ನೋಡಿ. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಜನ ಸೇರಿ 5 ಕಿಲೋಮೀಟರ್ ಓಡಿದರು. ಅದೇ ಮುಂದೆ ‘ಪಾರ್ಕ್‌ರನ್’ ಆಗಿ ಹಲವು ದೇಶಗಳಿಗೆ ಹಬ್ಬಿತು. ಓಡುವವರು ದುಡ್ಡು ಕೊಡಬೇಕಿಲ್ಲ, ನಡೆಸುವವರು ಸ್ವಯಂಸೇವಕರು. ಓಟ, ಸೈಕಲ್ ಸವಾರಿಯ ಲೆಕ್ಕ ಇಡುವ ‘ಸ್ಟ್ರಾವಾ’ ಆ್ಯಪ್ ಅನ್ನು 2009ರಲ್ಲಿ ಶುರು ಮಾಡಿದ ಇಬ್ಬರು ಕಾಲೇಜಿನಲ್ಲಿ ಒಂದೇ ದೋಣಿ ತಂಡದವರು. ಓದು ಮುಗಿದ ಮೇಲೆ ಆ ಜೊತೆಗಾರಿಕೆ ಇಲ್ಲವಾಯಿತಲ್ಲ ಅನ್ನುವ ಕೊರಗಿನಿಂದಲೇ ಅದು ಹುಟ್ಟಿತು. ಪುಣೆಯ ‘ಫಿಟ್ಟರ್’ ಅನ್ನುವ ವ್ಯಾಯಾಮದ ಆ್ಯಪ್ ಕೂಡ ಮೊದಲು ವಾಟ್ಸಾಪ್ ಗುಂಪಾಗಿತ್ತು.

ನಮಗೂ ಇದು ಹೊಸದಲ್ಲ. ಶಿವಮೊಗ್ಗ ಗರಡಿ ಮನೆಗಳ ಊರು. ಕೋಟೆ ಮಾರಿಕಾಂಬಾ ಜಾತ್ರೆ ಅಂದರೆ ಕುಸ್ತಿ ಇರಲೇಬೇಕು. ಗರಡಿಯಲ್ಲಿ ಬಸ್ಕಿ, ದಂಡ ಹೊಡೆಯುವ ಹುಡುಗ ಎರಡು ದಿನ ಕಾಣದಿದ್ದರೆ ಉಸ್ತಾದರು ವಿಚಾರಿಸುತ್ತಾರೆ. ಫ್ರೀಡಂ ಪಾರ್ಕಿಗೆ, ಅಂದರೆ ಹಳೇ ಜೈಲಿನ ಜಾಗಕ್ಕೆ, ಬೆಳಗ್ಗೆ ಹೋಗಿ ನೋಡಿ. ಸೀರೆ ಮೇಲೆ ಸ್ವೆಟರ್, ಕಾಲಿಗೆ ಬೂಟು, ನಾಲ್ಕೈದು ಹೆಂಗಸರು ಗೇಟಿನ ಹತ್ತಿರ ನಿಂತಿರುತ್ತಾರೆ. ಒಬ್ಬರು ಬಂದಿರುವುದಿಲ್ಲ. ಫೋನ್ ಹೋಗುತ್ತದೆ: “ಏನಕ್ಕಾ, ಇನ್ನೂ ಎದ್ದಿಲ್ವಾ? ನಾವಿಲ್ಲಿ ಕಾಯ್ತಾ ನಿಂತಿದೀವಿ.” ಹಾಗೆ ಕೇಳಿಸಿಕೊಂಡ ಮೇಲೆ ಯಾರು ತಾನೇ ಮತ್ತೆ ಮುಸುಕು ಎಳೆದುಕೊಳ್ಳುತ್ತಾರೆ? ‘ವ್ಯಾಯಾಮದ ಸಮಯವಾಯಿತು’ ಅಂತ ಆ್ಯಪ್ ದಿನಾ ಕಳಿಸುವ ಸಂದೇಶವನ್ನಾದರೆ ನಾವು ನಿದ್ದೆಗಣ್ಣಲ್ಲೇ ಒರೆಸಿ ಹಾಕುತ್ತೇವೆ.

ಹಾಗಾಗಿ ಆ್ಯಪ್ ಮಾಡಬೇಕಾದ ಕೆಲಸ ಬೇರೆಯೇ ಇದೆ. ಮೂರು ದಿನದಿಂದ ಇಂಥವರು ಬಂದಿಲ್ಲ ಅಂತ ಗುಂಪಿನ ಮುಂದಾಳಿಗೆ ತಿಳಿಸಬೇಕು. ಫೋನ್ ಮಾಡುವುದು ಮನುಷ್ಯರೇ ಆಗಿರಲಿ. ಗುಂಪು ಹದಿನೈದು ಜನ ದಾಟದಿದ್ದರೆ ಒಳ್ಳೆಯದು. ಜಾಸ್ತಿಯಾದರೆ ಯಾರು ಬಂದಿಲ್ಲ ಅನ್ನುವುದೇ ಗೊತ್ತಾಗುವುದಿಲ್ಲ.

ಇನ್ನು ನಮ್ಮ ಮಲೆನಾಡಿನ ವಿಷಯ. ಬಯಲುಸೀಮೆಗೆ, ದೊಡ್ಡ ಪಟ್ಟಣಕ್ಕೆ ಮಾಡಿದ ಆ್ಯಪ್ ಇಲ್ಲಿ ಜೂನ್ ತಿಂಗಳಲ್ಲೇ ಸೋಲುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಮಳೆ ಹಿಡಿಯಿತು ಅಂದರೆ ವಾರಗಟ್ಟಲೆ ಬಿಡುವುದಿಲ್ಲ. ಆಗ ‘ಈ ವಾರ 20 ಕಿಲೋಮೀಟರ್ ಓಡಿ’ ಅಂದರೆ ಯಾರು ಓಡುತ್ತಾರೆ? ಮಳೆಗಾಲಕ್ಕೆ ಜಗಲಿಯಲ್ಲೇ ಮಾಡುವಂಥ ಬಸ್ಕಿ, ಸೂರ್ಯ ನಮಸ್ಕಾರ ಇರಬೇಕು. ನೆಟ್‌ವರ್ಕ್ ಇಲ್ಲದಾಗ ಲೆಕ್ಕ ಫೋನಿನಲ್ಲೇ ಉಳಿದು, ಸಿಗ್ನಲ್ ಸಿಕ್ಕಾಗ ತಾನೇ ಅಪ್‌ಲೋಡ್ ಆಗಬೇಕು. ಇದನ್ನು ಆಮೇಲೆ ಸೇರಿಸುತ್ತೇವೆ ಅಂದರೆ ಆಗದು. ಅಡಿಪಾಯದಲ್ಲೇ ಇರಬೇಕು.

ಮೊದಲ ಸ್ಥಾನ, ಎರಡನೇ ಸ್ಥಾನ ಅಂತ ಪಟ್ಟಿ ಹಾಕುವುದರಲ್ಲೂ ಒಂದು ಅನ್ಯಾಯವಿದೆ. ಬೆಳಗ್ಗೆಯಿಂದ ಗುಡ್ಡ ಹತ್ತಿಳಿದು ಸೊಪ್ಪಿನ ಹೊರೆ ಹೊತ್ತ ಹೆಂಗಸು ಫೋನನ್ನು ಮನೆಯಲ್ಲೇ ಬಿಟ್ಟಿರುತ್ತಾಳೆ. ಪಟ್ಟಿಯಲ್ಲಿ ಅವಳ ಹೆಜ್ಜೆ ಸೊನ್ನೆ. ಅಂದ ಹಾಗೆ, ದಿನಕ್ಕೆ 10,000 ಹೆಜ್ಜೆ ಅನ್ನುವ ಲೆಕ್ಕ ವೈದ್ಯರು ಕೊಟ್ಟದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಉಪಕರಣ ಮಾರಲು ಬಳಸಿದ ಸಂಖ್ಯೆ ಅದು. ನಮ್ಮ ಗುಂಪಿನ ಗುರಿಯನ್ನು ನಮ್ಮ ಗುಂಪೇ ಇಟ್ಟುಕೊಳ್ಳಬಹುದು, ಅಲ್ವಾ?

ನಕ್ಷೆಯ ವಿಚಾರದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ತನ್ನ ಬಳಕೆದಾರರು ಎಲ್ಲೆಲ್ಲಿ ಓಡಿದರು ಅನ್ನುವ ನಕ್ಷೆಯನ್ನು ಸ್ಟ್ರಾವಾ 2017ರಲ್ಲಿ ಪ್ರಕಟಿಸಿತು. ಮರುವರ್ಷ ಜನವರಿಯಲ್ಲಿ ನೋಡಿದರೆ, ಅಲ್ಲಿ ಓಡಿದ ಸೈನಿಕರ ಗೆರೆಗಳಿಂದಾಗಿ ಸೇನಾ ನೆಲೆಗಳೇ ಅದರಲ್ಲಿ ಹೊಳೆಯುತ್ತಿದ್ದವು. ನಮ್ಮಲ್ಲಿ ಸೇನೆಯ ಮಾತು ಹಾಗಿರಲಿ, ತೋಟದ ಮನೆಗಳನ್ನು ಯೋಚಿಸಿ. ರಸ್ತೆ ಕೊನೆಗೆ ಇರುವುದೇ ಒಂದು ಮನೆ. ಬೆಳಗ್ಗೆ ಒಬ್ಬಳೇ ಓಡುವ ಹುಡುಗಿಯ ಗೆರೆ ಅಲ್ಲಿಗೇ ಹೋಗಿ ನಿಂತರೆ, ಅವಳು ಯಾರು, ಎಷ್ಟು ಹೊತ್ತಿಗೆ ಹೊರಡುತ್ತಾಳೆ, ಎಲ್ಲ ಗೊತ್ತಾಯಿತು. ಮನೆ ಸುತ್ತಲಿನ ಗೆರೆ ಯಾರಿಗೂ ಕಾಣಲೇಬಾರದು, ಅವರು ಕೇಳುವ ಮೊದಲೇ. 18 ವರ್ಷದೊಳಗಿನವರ ಮಾಹಿತಿ ಪಡೆಯಲು ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಂತ 2023ರ ದತ್ತಾಂಶ ರಕ್ಷಣೆ ಕಾಯ್ದೆಯೂ ಹೇಳುತ್ತದೆ.

ದುಡ್ಡು? ಗುಂಪಿಗೆ ಸೇರಲು ದುಡ್ಡು ಕೇಳಬೇಡಿ. ತರಬೇತಿಗೆ ಕೇಳಿ. ತಿಂಗಳಿಗೆ 150 ರೂಪಾಯಿಯಂತೆ 200 ಜನ ಕೊಟ್ಟರೆ 30,000 ಆಯಿತು. ತರಬೇತುದಾರರಿಗೆ, ಆ್ಯಪ್ ನಡೆಸುವ ಸರ್ವರ್ ಖರ್ಚಿಗೆ ಕೊಟ್ಟರೆ ಕಟ್ಟಿದವರ ಕೈಯಲ್ಲಿ ಉಳಿಯುವುದು ಕಡಿಮೆ. ಹಾಗಾಗಿ ಸಾಗರ, ಭದ್ರಾವತಿ, ಶಿಕಾರಿಪುರಕ್ಕೆ ಹೋಗಲೇಬೇಕಾಗುತ್ತದೆ. ಹೋಗುವಾಗ ಜಾಹೀರಾತಿಗೆ ದುಡ್ಡು ಸುರಿಯುವ ಬದಲು ಆಯಾ ಊರಿನ ಒಬ್ಬರನ್ನು ಹುಡುಕಿ. ನಿವೃತ್ತರಾದ ಪಿ.ಟಿ. ಮೇಷ್ಟ್ರು ಇರಬಹುದು, ವಾಲಿಬಾಲ್ ಆಡಿಸುವ ಅಣ್ಣ ಇರಬಹುದು, ಯೋಗ ಹೇಳಿಕೊಡುವ ಅಕ್ಕ ಇರಬಹುದು. ಅವರ ಮಾತಿಗೆ ಊರು ಎದ್ದು ಬರುತ್ತದೆ. ಬಂದ ಹಣದಲ್ಲಿ ಅವರಿಗೆ ಸರಿಯಾದ ಪಾಲು ಕೊಡಿ, ಬರೀ ಶಾಲು ಹೊದಿಸಿ ಕಳಿಸಬೇಡಿ.

ಶುರು ಮಾಡುವವರಿಗೆ ದಸರಾ ಕಳೆದ ಮೇಲಿನ ದಿನಗಳು ಒಳ್ಳೆಯವು. ಮಳೆ ಇಳಿದಿರುತ್ತದೆ. ಆದರೆ ತಡ ಮಾಡಬೇಡಿ. ಅಡಿಕೆಯ ಕೊನೆಕೊಯ್ಲು ಜೋರಾಯಿತು ಅಂದರೆ ತೋಟದ ಮನೆಯವರು ಕೈಗೆ ಸಿಗುವುದಿಲ್ಲ.

ನಮಸ್ಕಾರ.