ಅವತ್ತೇ ಬಾಯಿ ಬಿಟ್ಟು ಕೇಳಿ

ಕೇಳುಗರಿಗೆಲ್ಲ ನಮಸ್ಕಾರ. ಓದಲು ವಿದೇಶಕ್ಕೆ ಹೋಗಿ, ಅಲ್ಲಿನವರದೇ ಒಂದು ಮನೆಯಲ್ಲಿ, ಅಂದರೆ ಹೋಸ್ಟ್ ಫ್ಯಾಮಿಲಿ ಜೊತೆ ಇರಬೇಕಾದ ಮಕ್ಕಳಿಗೆ ನಾನು ತರಬೇತಿ ಕೊಡುತ್ತೇನೆ. ಸೂಟ್‌ಕೇಸ್ ಅರ್ಧ ತುಂಬಿಟ್ಟು ರೇಡಿಯೋ ಕೇಳುತ್ತಿರುವ ಹುಡುಗನೋ ಹುಡುಗಿಯೋ ಎದುರಿಗಿದ್ದಾರೆ ಅಂದುಕೊಂಡೇ ಮಾತಾಡುತ್ತೇನೆ. ಪಕ್ಕದಲ್ಲಿ ಅಪ್ಪ ಅಮ್ಮ ಕೂತಿದ್ದರೆ ಇನ್ನೂ ಒಳ್ಳೆಯದು.

ನನಗೆ ಹೇಳಬೇಕಾಗಿರುವುದು ಒಂದೇ ಮಾತು. ಆ ಮನೆಯಲ್ಲಿ ಏನಾದರೂ ಅರ್ಥವಾಗದಿದ್ದರೆ, ಮನಸ್ಸಿಗೆ ಚುಚ್ಚಿದರೆ, ಅವತ್ತೇ ಬಾಯಿ ಬಿಟ್ಟು ಕೇಳಿ. ನಾಳೆಗೆ ಇಡಬೇಡಿ.

ಹೀಗೆ ಬೇರೆ ದೇಶದವರ ಮನೆಯಲ್ಲಿದ್ದು ಓದುವುದೇನೂ ಹೊಸ ವ್ಯವಸ್ಥೆಯಲ್ಲ. ಎರಡನೇ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಆಂಬುಲೆನ್ಸಿನಲ್ಲಿ ಸಾಗಿಸಿದ ಎಎಫ್‌ಎಸ್, ಅಂದರೆ ಅಮೆರಿಕನ್ ಫೀಲ್ಡ್ ಸರ್ವಿಸ್ ಸಂಸ್ಥೆಯವರು, ಯುದ್ಧ ಮುಗಿದ ಮೇಲೆ, 1947ರಲ್ಲಿ ಶಾಲೆಯ ಮಕ್ಕಳ ವಿನಿಮಯಕ್ಕೆ ಕೈ ಹಾಕಿದರು. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಇದ್ದು ನೋಡಿದರೆ ದೇಶದೇಶಗಳ ನಡುವಿನ ದ್ವೇಷ ಕಡಿಮೆಯಾದೀತು ಅನ್ನುವುದು ಅವರ ಆಸೆ. ಅಂಥ ದೊಡ್ಡ ಆಸೆ ಎಡವುವುದು ಮಾತ್ರ ಬಚ್ಚಲುಮನೆಯಂಥ ಕಡೆ.

ನಾನು ತರಬೇತಿ ಕೊಟ್ಟು ಕಳಿಸಿದ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಮೊದಲ ವಾರ ಎಲ್ಲ ಚೆನ್ನಾಗಿತ್ತು. ಎರಡನೇ ವಾರ ಒಂದು ಬೆಳಿಗ್ಗೆ ಬಚ್ಚಲ ಬಾಗಿಲಿಗೆ ಹಳದಿ ಚೀಟಿ ಅಂಟಿಸಿತ್ತು. ‘ಸ್ನಾನ ಐದೇ ನಿಮಿಷ, ದಯವಿಟ್ಟು.’ ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಎದುರಿಗೆ ಹೇಳಬಾರದಿತ್ತಾ? ಎಲ್ಲರೂ ಓದುವ ಹಾಗೆ ಬರೆದು ಅಂಟಿಸುವುದಾ? ನಾನು ಇವರಿಗೆ ಭಾರವಾಗಿದ್ದೇನೆ ಅಂತ ತೀರ್ಮಾನ ಮಾಡಿಬಿಟ್ಟಳು.

ಅವತ್ತಿನಿಂದ ಎಲ್ಲರೂ ಮಲಗಿದ ಮೇಲೆ ಸ್ನಾನ. ಗೋಡೆಯೊಳಗಿನ ಪೈಪು ಗುಡುಗುಡು ಅನ್ನುತ್ತಿತ್ತು. ಬೆಳಗಿನ ಜಾವವೇ ಕೆಲಸಕ್ಕೆ ಹೋಗುವ ಮನೆಯ ಯಜಮಾನರಿಗೆ ನಿದ್ದೆ ಕೆಡುತ್ತಿತ್ತು. ಅವರ ಗಂಟು ಮುಖ ನೋಡಿ ಇವಳಿಗೆ ತನ್ನ ಅನುಮಾನವೇ ನಿಜ ಅನ್ನಿಸಿತು. ಊಟ ಮುಗಿದ ತಕ್ಷಣ ರೂಮು ಸೇರಿ ಬಾಗಿಲು ಹಾಕಿಕೊಂಡು ಮನೆಗೆ ಫೋನ್. ಆ ಕಡೆ ಅಮ್ಮನೂ ಅಳು. ಹೋಸ್ಟ್ ಅಮ್ಮ ಬಾಗಿಲು ತಟ್ಟುವುದನ್ನೇ ಬಿಟ್ಟರು. ಈ ಹುಡುಗಿಗೆ ನಾವು ಹಿಡಿಸಲಿಲ್ಲ, ಸುಮ್ನೆ ಯಾಕೆ ತೊಂದರೆ ಕೊಡುವುದು ಅಂತ ಅವರ ಲೆಕ್ಕ. ಹೀಗೇ ಮೂರು ವಾರ!

ಕೊನೆಗೆ ಅವಳನ್ನು ಕಳಿಸಿದ ಸಂಸ್ಥೆಯ ಸ್ಥಳೀಯ ಸಂಯೋಜಕಿ ವಿಚಾರಿಸಲು ಬಂದರು. ಎಲ್ಲರನ್ನೂ ಕೂರಿಸಿ, ಆ ಚೀಟಿ ಯಾಕೆ ಅಂತ ನೇರವಾಗಿ ಕೇಳಿದರು. ಆ ಮನೆಯಲ್ಲಿ ಬಿಸಿನೀರು ತೊಟ್ಟಿಯಲ್ಲಿ ಕಾದು ನಿಲ್ಲುವಂಥದ್ದು. ಒಮ್ಮೆ ಖಾಲಿಯಾದರೆ ಮತ್ತೆ ಕಾಯಲು ತುಂಬಾ ಹೊತ್ತು ಬೇಕು. ಕೊನೆಗೆ ಸ್ನಾನಕ್ಕೆ ಹೋಗುವ ಎಂಟು ವರ್ಷದ ಮಗನಿಗೆ ತಣ್ಣೀರೇ ಗತಿಯಾಗಿತ್ತು. ಚೀಟಿ ಬರೆದದ್ದು ಮನೆಯವರೆಲ್ಲರಿಗೂ. ಅದೇ ಅಕ್ಷರದ ಚೀಟಿಗಳು ಫ್ರಿಜ್ಜಿನ ಮೇಲೂ ಇದ್ದವು, ಇವಳು ಗಮನಿಸಿರಲಿಲ್ಲ. ಹತ್ತು ನಿಮಿಷದಲ್ಲಿ ಮಾತು ಮುಗಿಯಿತು. ಆ ಹುಡುಗ ಪೆನ್ನು ತಂದು ಚೀಟಿಯ ಕೆಳಗೆ ತನ್ನ ಹೆಸರಿನ ಮುಂದೆ ‘ಬೆಳಿಗ್ಗೆ’, ಇವಳ ಹೆಸರಿನ ಮುಂದೆ ‘ಸಂಜೆ’ ಅಂತ ಬರೆದ. ಮೊದಲ ದಿನವೇ ಕೇಳಿದ್ದರೆ ಅಷ್ಟೂ ಅಳು ತಪ್ಪುತ್ತಿತ್ತು, ಅಲ್ವಾ?

ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1954ರಲ್ಲಿ ರಿಯೊ ಡಿ ಜನೈರೊದಲ್ಲಿ ಮಾಡಿದ ಭಾಷಣದಲ್ಲಿ ಕಲ್ಚರ್ ಶಾಕ್, ಅಂದರೆ ಹೊಸ ದೇಶದ ರೀತಿನೀತಿ ಕಂಡು ತಬ್ಬಿಬ್ಬಾಗುವುದರ ಬಗ್ಗೆ ಇದನ್ನೇ ವಿವರಿಸಿದ್ದರು. ಯಾವಾಗ ಕೈ ಕುಲುಕಬೇಕು, ಯಾವ ಮಾತನ್ನು ನಿಜ ಅಂತ ತೆಗೆದುಕೊಳ್ಳಬೇಕು, ಇಂಥ ಸಣ್ಣ ಗುರುತುಗಳೆಲ್ಲ ತಪ್ಪಿಹೋದಾಗ ಮನಸ್ಸು ಕಂಗಾಲಾಗುತ್ತದೆ. ಮೊದಮೊದಲು ಎಲ್ಲವೂ ಚೆಂದ, ಆಮೇಲೆ ಎಲ್ಲದರ ಮೇಲೂ ಸಿಟ್ಟು, ನಿಧಾನಕ್ಕೆ ಹೊಂದಿಕೆ. ಸಿಟ್ಟು ಬರುವ ಹೊತ್ತಿನಲ್ಲೇ ಜಾಸ್ತಿ ಕೇಳಬೇಕು. ನಮ್ಮ ಮಕ್ಕಳು ಆಗಲೇ ಬಾಗಿಲು ಹಾಕಿಕೊಳ್ಳುತ್ತಾರೆ.

ಸಮಯ ಕಡಿಮೆಯಿದೆ, ಬೇಗ ಹೇಳಿಬಿಡುತ್ತೇನೆ. ಬಟ್ಟೆ ಒಗೆಯುವ ದಿನ ಯಾವುದು, ರೂಮಿನ ಬಾಗಿಲು ತೆರೆದಿರಬೇಕಾ, ತಡವಾದರೆ ಯಾರಿಗೆ ತಿಳಿಸಬೇಕು, ಫ್ರಿಜ್ಜಿನಿಂದ ಕೇಳದೆ ತೆಗೆದುಕೊಳ್ಳಬಹುದಾ. ಇವನ್ನೆಲ್ಲ ಮೊದಲ ವಾರವೇ ಕೇಳಿ. ‘ತಪ್ಪು ತಿಳಿದರೆ?’ ಅಂತ ಪ್ರತಿ ಸಲ ಯಾರಾದರೂ ನನ್ನನ್ನು ಕೇಳುತ್ತಾರೆ. ತಿಳಿಯಲಿ ಬಿಡಿ, ಆಗ ಅದನ್ನೂ ಕೇಳಿ ಸರಿಮಾಡಿಕೊಳ್ಳಿ!

ಅಪ್ಪ ಅಮ್ಮಂದಿರೇ, ಮಗು ಫೋನಿನಲ್ಲಿ ಅತ್ತಾಗ ನೀವೂ ಜೊತೆಗೆ ಅಳಬೇಡಿ. ‘ಅವರನ್ನು ಕೇಳಿದೆಯಾ?’ ಅನ್ನಿ. ಕೇಳಿಯೂ ಸರಿಹೋಗದಿದ್ದರೆ ಸಂಯೋಜಕರಿಗೆ ಹೇಳಬೇಕು. ಮನೆ ಬದಲಾಯಿಸುವುದು ಅವಮಾನವಲ್ಲ, ಅದಕ್ಕೂ ದಾರಿ ಇದೆ. ಯಾರಾದರೂ ಮೈ ಮುಟ್ಟಿ ತೊಂದರೆ ಕೊಟ್ಟರೆ, ಹೆದರಿಸಿದರೆ, ಆ ಮನೆಯವರನ್ನು ಕೇಳುತ್ತ ಕೂರಬೇಡಿ. ಆ ಕ್ಷಣವೇ ಸಂಯೋಜಕರಿಗೆ ಫೋನ್ ಮಾಡಿ. ಅವರ ನಂಬರನ್ನು ಮೊಬೈಲಿನಲ್ಲಷ್ಟೇ ಅಲ್ಲ, ಕಾಗದದ ಮೇಲೂ ಬರೆದು ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ. ಸೂಟ್‌ಕೇಸ್ ಮುಚ್ಚುವ ಮುಂಚೆ ಈ ಕೆಲಸ ಆಗಲಿ. ನಮಸ್ಕಾರ.