ಹನಿ ಒಣಗುವಾಗ ಹುಟ್ಟುವ ಆಕಾರ

ಕೇಳುಗರಿಗೆ ನಮಸ್ಕಾರ. ಹಾಸನದ ಒಂದು ಆಲೂಗಡ್ಡೆ, ಪಕ್ಕದಲ್ಲಿ ಒಂದು ಈರುಳ್ಳಿ. ಎರಡನ್ನೂ ಕಣ್ಣ ಮುಂದೆ ಇಟ್ಟುಕೊಳ್ಳಿ. ಸರಪಳಿಯಂಥ ಉದ್ದ ಅಣುಗಳ ಒಂದೇ ಪಾಲಿಮರ್‌ನಿಂದ ಈ ಎರಡೂ ಆಕಾರದ ಕಣ ಮಾಡಬಹುದು. ಗಾತ್ರ ಮಾತ್ರ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ಅಂದರೆ ಒಂದು ಮೈಕ್ರಾನ್.

ಬ್ಲಾಕ್ ಕೋಪಾಲಿಮರ್ ಎಂದರೆ ಒಂದಕ್ಕೊಂದು ಒಗ್ಗದ ಎರಡು ಸರಪಳಿಗಳನ್ನು ತುದಿಗೆ ತುದಿ ಬೆಸೆದದ್ದು. ಮನಸ್ತಾಪವಿದ್ದರೂ ಮನೆ ಬಿಡಲಾಗದ ಅಣ್ಣತಮ್ಮಂದಿರ ಹಾಗೆ, ಒಂದೇ ಸೂರಿನಡಿ ಗೋಡೆ ಎಬ್ಬಿಸಿಕೊಳ್ಳುತ್ತವೆ. ಸಮಪಾಲಾದರೆ ಪದರ, ಒಂದರ ಪಾಲು ಶೇಕಡಾ 30ರ ಆಸುಪಾಸಿಗೆ ಇಳಿದರೆ ಕಂಬ, ಇನ್ನೂ ಇಳಿದರೆ ಗುಂಡು. ಇವತ್ತು ಪದರದ ಮಾತಷ್ಟೇ.

ಪಾಲಿಸ್ಟೈರೀನ್ ಮತ್ತು ಪಾಲಿ-4-ವಿನೈಲ್‌ಪಿರಿಡಿನ್ ಜೋಡಿಯ 10 ಮಿಲಿಗ್ರಾಂ ಪುಡಿಯನ್ನು 1 ಮಿಲಿಲೀಟರ್ ಕ್ಲೋರೋಫಾರ್ಮಿನಲ್ಲಿ ಕರಗಿಸಿ. ಟಾಲ್ಯೂಯಿನ್ ಎಂಬ ದ್ರಾವಕ ಬೇಡ, ಎರಡನೆಯ ಸರಪಳಿ ಅದರಲ್ಲಿ ಕರಗದು. 10 ಮಿಲಿಲೀಟರ್ ನೀರಿಗೆ 50 ಮಿಲಿಗ್ರಾಂ ಸರ್ಫ್ಯಾಕ್ಟಂಟ್ (ಹನಿಯ ಮೈಗೆ ಅಂಟಿ ಕೂರುವ ಸೋಪಿನಂಥ ವಸ್ತು) ಹಾಕಿ, ಎರಡನ್ನೂ ಸೇರಿಸಿ ಕಲಕಿದರೆ ಹಾಲಿನಂಥ ಎಮಲ್ಷನ್, ಅಂದರೆ ನೀರಿನಲ್ಲಿ ಹರಡಿದ ಕ್ಲೋರೋಫಾರ್ಮಿನ ಪುಟ್ಟ ಹನಿಗಳು. ಕೆಲಸವೆಲ್ಲ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ ಆಗಬೇಕು. ಕ್ಲೋರೋಫಾರ್ಮ್ ಉಸಿರಿಗೆ ಒಳ್ಳೆಯದಲ್ಲ.

ಆಕಾರದ ಕೀಲಿಕೈ ಇರುವುದು ಸರ್ಫ್ಯಾಕ್ಟಂಟಿನಲ್ಲಿ. ಅದು ಒಂದೇ ಸರಪಳಿಯ ಕಡೆ ವಾಲಿದರೆ ಆ ಸರಪಳಿ ಹನಿಯ ಹೊರಮೈಯನ್ನೆಲ್ಲ ಹೊದೆಯುತ್ತದೆ, ಉಳಿದ ಪದರಗಳು ಅದರೊಳಗೆ ಸುತ್ತಿಕೊಳ್ಳುತ್ತವೆ: ಈರುಳ್ಳಿ. ಎರಡಕ್ಕೂ ಸಮನಾಗಿ ಒಲಿದರೆ ಎರಡೂ ಪದರದ ಅಂಚು ಹೊರಗೆ ಬಂದು, ರೊಟ್ಟಿ ಜೋಡಿಸಿಟ್ಟಂತೆ ಒಂದರ ಮೇಲೊಂದು ಕೂತು ಕಣ ಉದ್ದವಾಗುತ್ತದೆ: ಆಲೂಗಡ್ಡೆ. ಆ ಸಮತೋಲಕ್ಕೆ ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್), ಸಿಟಿಎಬಿ (ಸೀಟೈಲ್ ಟ್ರೈಮೀಥೈಲ್ ಅಮೋನಿಯಂ ಬ್ರೋಮೈಡ್) ಇಂಥ ಎರಡು ಸರ್ಫ್ಯಾಕ್ಟಂಟ್ ಬೆರೆಸಿ ಅನುಪಾತವನ್ನು ಚೂರುಚೂರೇ ಬದಲಿಸಿ ನೋಡಬೇಕು. ಸರಪಳಿಯ ಉದ್ದ ಬದಲಾದರೆ ಹುಡುಕಾಟ ಮತ್ತೆ ಮೊದಲಿನಿಂದ.

ಇನ್ನು ಒಣಗಿಸುವುದು. ಕಾಫಿ ಒಣಗಿಸುವ ಅಂಗಳದಲ್ಲಿ ಅವಸರ ಮಾಡಿದವರಿಗೆ ಏನಾಗುತ್ತದೆಂದು ನಮ್ಮ ಕಡೆ ಹೇಳಿಕೊಡಬೇಕಿಲ್ಲ. ಕ್ಲೋರೋಫಾರ್ಮ್ 61 ಡಿಗ್ರಿಗೇ ಕುದಿಯುತ್ತದೆ. ಬಿಸಿ ಮಾಡಿ ಓಡಿಸಿದರೆ ಸರಪಳಿಗಳು ಸಾಲುಗೂಡುವ ಮೊದಲೇ ಗಟ್ಟಿಯಾಗಿ ಒಳಗೆ ಅಸ್ತವ್ಯಸ್ತ. ಪಾತ್ರೆಯ ಬಾಯಿ ಅರೆಮುಚ್ಚಿ ಒಂದು ದಿನ ನಿಧಾನವಾಗಿ ಬಿಡಿ. ಕ್ಲೋರೋಫಾರ್ಮ್ ನೀರಿಗಿಂತ ಭಾರ. ಕಲಕು ನಿಂತರೆ ಹನಿಗಳು ತಳ ಸೇರಿ ಒಂದರೊಳಗೊಂದು ಬೆರೆಯುತ್ತವೆ. ಮೆಲ್ಲಗೆ ತಿರುಗುತ್ತಲೇ ಇರಲಿ.

ಮೇಲಿನ ಅಳತೆಯಲ್ಲಿ ಪುಡಿ ಕರಗಿಸಿದ್ದರೆ 5 ಮೈಕ್ರಾನ್ ಹನಿ ಒಣಗಿ ಸುಮಾರು 1 ಮೈಕ್ರಾನ್ ಕಣವಾಗುತ್ತದೆ. ಜೋರಾಗಿ ಕಡೆಯುವ ಯಂತ್ರವಾದ ಹೋಮೊಜಿನೈಸರಿನಲ್ಲಿ ಕಲಕಿದರೆ ಹನಿಗಳು ಸಣ್ಣದು ದೊಡ್ಡದು ಬೆರಕೆಯಾಗುತ್ತವೆ. ಕಣ ದೊಡ್ಡದಾದಷ್ಟೂ ಹೆಚ್ಚು ಉದ್ದವಾಗುವುದರಿಂದ ಆಕಾರವೂ ಬೆರಕೆ. ಒಂದೇ ಅಳತೆ ಬೇಕಿದ್ದರೆ ಸಮ ರಂಧ್ರದ ಗಾಜಿನ ಪೊರೆಯ ಮೂಲಕ ಒತ್ತಿ ಹನಿ ಮಾಡಿ.

ಕೊನೆಗೆ ವೇಗವಾಗಿ ಸುತ್ತಿಸಿ ಕಣಗಳನ್ನು ತಳಕ್ಕಿಳಿಸುವ ಸೆಂಟ್ರಿಫ್ಯೂಜಿನಲ್ಲಿ ಮೂರು ಸಲ ನೀರಿನಿಂದಲೇ ತೊಳೆಯಿರಿ. ಎಥನಾಲ್ ಮುಟ್ಟಿಸಿದರೆ ವಿನೈಲ್‌ಪಿರಿಡಿನ್ ಪದರ ಉಬ್ಬಿ, ಆಲೂಗಡ್ಡೆ ಬಿಲ್ಲೆಬಿಲ್ಲೆಯಾಗಿ ಬಿಡಿಸಿಕೊಳ್ಳುತ್ತದೆ. ಬಿಲ್ಲೆಯೇ ಬೇಕೆನ್ನುವವರು ಮಾತ್ರ ಹಾಗೆ ಮಾಡಬಹುದು.